ಪ್ರತಿಕ್ರಿಯೆ: ಅಂಡಾಣುವಿನ ಕ್ರೋಮೋಸೋಮು ದೋಷದ ಬಗ್ಗೆ

ಮೂವತ್ತೆಂಟನೆಯ ವಯಸ್ಸಿನಲ್ಲಿ ಐವಿಎಫ್ (ದೇಹದ ಹೊರಗೆ ಅಂಡಾಣುವನ್ನು ಫಲಿತಗೊಳಿಸುವ ಚಿಕಿತ್ಸೆ) ಮಾಡಿಸಿಕೊಂಡಾಗ ದೊರೆತ ಭ್ರೂಣಗಳಲ್ಲಿ ಕ್ರೋಮೋಸೋಮುಗಳ, ಅಂದರೆ ಜೀವಕೋಶದಲ್ಲಿ ತಳಿಗುಣಗಳನ್ನು ಹೊತ್ತ ಎಳೆಗಳ, ಸಂಖ್ಯೆ ಸರಿಯಿರಲಿಲ್ಲವೆಂದೂ, ಅದಕ್ಕೆ ತಮ್ಮ ಆಹಾರಕ್ರಮವೇ ಕಾರಣವಿರಬಹುದೇ ಎಂದೂ ಕೇಳಿದ್ದೀರಿ. ಮುಖ್ಯ ಕಾರಣ ಅದಲ್ಲ. ಮನೆಯವರು ಹಾಗೆ ಹೇಳುತ್ತಿದ್ದರೆ ಅವರಿಗೂ ಇದನ್ನು ತಿಳಿಸಿ.

ಸ್ತ್ರೀಯ ಅಂಡಾಣುಗಳು ಆಕೆ ಹುಟ್ಟುವ ಮೊದಲೇ ರೂಪುಗೊಂಡು, ವಿಭಜನೆಯನ್ನು ಅರ್ಧಕ್ಕೇ ನಿಲ್ಲಿಸಿ ದಶಕಗಳ ಕಾಲ ಕಾಯುತ್ತವೆ. ಈ ಅವಧಿಯಲ್ಲಿ ಕ್ರೋಮೋಸೋಮುಗಳನ್ನು ಜೊತೆಯಾಗಿ ಹಿಡಿದಿಡುವ ಕೊಹೆಸಿನ್ ಎಂಬ ಪ್ರೋಟೀನು ಕ್ರಮೇಣ ಕ್ಷೀಣಿಸುವುದರಿಂದ, ವಿಭಜನೆ ಮರಳಿ ಆರಂಭವಾದಾಗ ಹಂಚಿಕೆ ತಪ್ಪುವ ಸಂಭವ ವಯಸ್ಸಿನೊಂದಿಗೆ ಹೆಚ್ಚುತ್ತದೆ.

ಆದರೆ ವಯಸ್ಸೊಂದೇ ಕಾರಣವಲ್ಲ ಎಂಬುದನ್ನು ಜೀವಕೋಶ ವಿಜ್ಞಾನಿ ಮೆಲಿನಾ ಶೂ ಅವರ ತಂಡ ತೋರಿಸಿದೆ. ಕ್ರೋಮೋಸೋಮುಗಳನ್ನು ಎಳೆದು ಬೇರ್ಪಡಿಸುವ ಕದಿರಿನಾಕಾರದ ತಂತುರಚನೆ ಮಾನವ ಅಂಡಾಣುವಿನಲ್ಲಿ ಸಿದ್ಧವಾಗಲು ಸುಮಾರು 16 ಗಂಟೆ ಬೇಕೆಂದೂ, ಅದು ಅನೇಕ ವೇಳೆ ಅಸ್ಥಿರವಾಗಿರುತ್ತದೆಂದೂ ಅವರು 2015ರಲ್ಲಿ, ಕೇಂಬ್ರಿಜ್‌ನಲ್ಲಿದ್ದಾಗ, ಪ್ರಕಟಿಸಿದರು. ಜರ್ಮನಿಯ ಗೊಟ್ಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೆ ಹೋದ ಮೇಲೆ, 2022ರಲ್ಲಿ, ಈ ಅಸ್ಥಿರತೆಗೆ ಒಂದು ಕಾರಣವೂ ಸಿಕ್ಕಿತು: ಇತರ ಸಸ್ತನಿಗಳ ಅಂಡಾಣುಗಳಲ್ಲಿರುವ ಕೆಐಎಫ್‌ಸಿ1 ಎಂಬ ಚಾಲಕ ಪ್ರೋಟೀನು ಮಾನವ ಅಂಡಾಣುವಿನಲ್ಲಿ ತೀರ ಕಡಿಮೆ. ಅದನ್ನು ಹೊರಗಿನಿಂದ ಸೇರಿಸಿದಾಗ ರಚನೆ ಸ್ಥಿರಗೊಂಡು ಹಂಚಿಕೆಯ ದೋಷಗಳು ಕಡಿಮೆಯಾದವು.

ಇದು ನಿಮಗೆ ಈಗಲೇ ಚಿಕಿತ್ಸೆಯಾಗಿ ಸಿಗುವುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. ಅದು ಪ್ರಯೋಗಾಲಯದ ಫಲಿತಾಂಶ ಮಾತ್ರ. ಭ್ರೂಣದ ತಳಿಪರೀಕ್ಷೆಯೂ ದೋಷವನ್ನು ಸರಿಪಡಿಸುವುದಿಲ್ಲ, ಇರುವ ಭ್ರೂಣಗಳಲ್ಲಿ ಆಯ್ಕೆಗೆ ನೆರವಾಗುತ್ತದೆ, ಅಷ್ಟೇ. ಆದ್ದರಿಂದ ಮುಂದಿನ ಭೇಟಿಯಲ್ಲಿ, ಮತ್ತೊಂದು ಸುತ್ತಿನಿಂದ ಎಷ್ಟು ಅಂಡಾಣುಗಳನ್ನು ನಿರೀಕ್ಷಿಸಬಹುದು ಎಂಬುದನ್ನು ವೈದ್ಯರಿಂದ ನೇರವಾಗಿ ಕೇಳಿ ತಿಳಿದುಕೊಳ್ಳಿ.