ಆ ‘ಆದ್ದರಿಂದ’ ಎಲ್ಲಿಂದ ಬಂತು?

ನಮಸ್ಕಾರ. ಮಿದುಳಿನ ಸ್ಕ್ಯಾನ್ ನೀತಿಯ ಪ್ರಶ್ನೆಗೆ ಉತ್ತರ ಕೊಡುತ್ತದೆ ಎನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನೀವು ಹೇಳುವುದು ಇಷ್ಟು. ಹಳಿ ಮೇಲೆ ಸಿಕ್ಕಿಬಿದ್ದ ಐವರನ್ನು ಉಳಿಸಲು ಲಿವರ್ ಎಳೆದು, ಹಿಡಿತ ತಪ್ಪಿ ಬರುತ್ತಿರುವ ಟ್ರಾಲಿಯನ್ನು (ಹಳಿ ಮೇಲೆ ಓಡುವ ಬಂಡಿ) ಇನ್ನೊಂದು ಹಳಿಯ ಮೇಲಿರುವ ಒಬ್ಬನ ಕಡೆ ತಿರುಗಿಸಬಹುದು ಎಂದು ಹೆಚ್ಚಿನವರು ಒಪ್ಪುತ್ತಾರೆ. ಅದೇ ಐವರಿಗಾಗಿ, ಟ್ರಾಲಿ ನಿಲ್ಲಲೆಂದು, ಹಳಿ ಮೇಲಿನ ಸೇತುವೆಯಿಂದ ಒಬ್ಬನನ್ನು ಅದರ ಮುಂದೆ ತಳ್ಳಲು ಒಪ್ಪುವುದಿಲ್ಲ. 2001ರಲ್ಲಿ ಮನೋವಿಜ್ಞಾನಿ ಜೋಶುವಾ ಗ್ರೀನ್ ಮತ್ತು ಸಂಗಡಿಗರು ಇಂಥ ಪ್ರಶ್ನೆ ಕೇಳುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರು. ತಳ್ಳುವಂಥ ಪ್ರಶ್ನೆಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಜಾಸ್ತಿ ಚುರುಕಾದವು. ಇಲ್ಲಿಯವರೆಗೆ ಸರಿ. ಮುಂದಿನ ಸಾಲಿನಲ್ಲೇ ‘ಆದ್ದರಿಂದ ಕಾಂಟ್ ಸೋತ, ಲೆಕ್ಕಾಚಾರದ ನೀತಿ ಗೆದ್ದಿತು’ ಅಂದುಬಿಟ್ಟಿದ್ದೀರಿ. ಎಷ್ಟು ಜನರಿಗೆ ಒಳಿತಾದರೂ ಕೆಲವು ಕೆಲಸ ಮಾಡಬಾರದು ಎಂದವರು ತತ್ವಜ್ಞಾನಿ ಕಾಂಟ್; ಹೆಚ್ಚು ಜನರಿಗೆ ಒಳಿತಾಗುವುದೇ ಸರಿ ಎನ್ನುವುದು ಲೆಕ್ಕಾಚಾರದ ನೀತಿ.

ಭಾವನೆಯಿಂದ ಬಂದ ತೀರ್ಪು ತಪ್ಪು ಅಂತ ಸ್ಕ್ಯಾನ್ ಹೇಳುವುದಿಲ್ಲ. ಮಗುವನ್ನು ಹಿಂಸಿಸುವುದನ್ನು ಕಂಡರೆ ನಮ್ಮ ಹೊಟ್ಟೆ ತೊಳಸುತ್ತದೆ. ಅದೂ ಭಾವನೆಯೇ, ತೀರ್ಪು ಸರಿಯಾಗಿಯೇ ಇದೆ ಅಲ್ವಾ? ನಿಮ್ಮ ವಾದ ನಿಲ್ಲಬೇಕಾದರೆ ಇನ್ನೊಂದು ಮಾತು ಬೇಕು: ಕೈಯಿಂದ ತಳ್ಳುವುದಕ್ಕೂ ದೂರದಿಂದ ಲಿವರ್ ಎಳೆಯುವುದಕ್ಕೂ ನೀತಿಯಲ್ಲಿ ವ್ಯತ್ಯಾಸವಿಲ್ಲ, ಆದರೂ ಮನಸ್ಸು ತಳ್ಳುವುದಕ್ಕೆ ಮಾತ್ರ ಬೆಚ್ಚುತ್ತದೆ, ಹಾಗಾಗಿ ಆ ಬೆಚ್ಚುವಿಕೆಯನ್ನು ನಂಬಬಾರದು. ಇದು ಒಳ್ಳೆಯ ವಾದ. ಆದರೆ ‘ವ್ಯತ್ಯಾಸವಿಲ್ಲ’ ಎನ್ನುವ ತೀರ್ಮಾನ ಯಾವ ಯಂತ್ರವೂ ಕೊಟ್ಟದ್ದಲ್ಲ, ಅದನ್ನು ನೀವೇ ಒಳಗೆ ತಂದಿದ್ದೀರಿ. ತತ್ವಜ್ಞಾನಿ ಸೆಲಿಮ್ ಬರ್ಕರ್ 2009ರಲ್ಲಿ ಹಿಡಿದದ್ದು ಇದನ್ನೇ. ನೀವು ಅವರ ಹೆಸರೇ ಎತ್ತಿಲ್ಲ. ಎದುರಿನವರ ಗಟ್ಟಿ ಮಾತನ್ನು ಓದುಗರಿಂದ ಬಚ್ಚಿಡಬೇಡಿ.

ಹಾಗಂತ ಮಿದುಳಿನ ವಿಜ್ಞಾನಕ್ಕೆ ಇಲ್ಲಿ ಕೆಲಸವಿಲ್ಲ ಅಂತಲ್ಲ. ಮನಸ್ಸು ನಿಜವಾಗಿ ಯಾವುದಕ್ಕೆ ಮಿಡಿಯುತ್ತಿದೆ ಎಂದು ಅದು ತೋರಿಸಬಲ್ಲದು. ಎಷ್ಟೋ ಸಲ ಅದು ನಮಗೇ ಗೊತ್ತಿರುವುದಿಲ್ಲ. 2007ರ ಅಧ್ಯಯನವೊಂದರಲ್ಲಿ, ಮಿದುಳಿನ ಮುಂಭಾಗದಲ್ಲಿ ಭಾವನೆಗೆ ಮುಖ್ಯವಾದ ಜಾಗಕ್ಕೆ ಹಾನಿಯಾದ ಆರು ಜನ ಇಂಥ ತಳ್ಳುವಿಕೆಗೆ ಬೇರೆಯವರಿಗಿಂತ ಹೆಚ್ಚು ಒಪ್ಪಿದರು. ನೀವು ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಲೇಖನದ ಜೀವವೇ ಇಲ್ಲಿದೆ! ಅಡ್ಡಿಪಡಿಸುವ ಭಾವನೆ ಇಲ್ಲದ್ದರಿಂದ ಅವರಿಗೆ ನಿಜ ಕಂಡಿತೋ, ಇಲ್ಲ ಕಾಣಬೇಕಾದ್ದೇ ಕಾಣದೆ ಹೋಯಿತೋ? ಎರಡೂ ಕಡೆಯಿಂದ ವಾದಿಸಿ ನೋಡಿ.

ಸಣ್ಣಪುಟ್ಟವೂ ಇವೆ. ಸೇತುವೆಯ ಉದಾಹರಣೆ ಗ್ರೀನ್ ಅವರದ್ದಲ್ಲ, ತತ್ವಜ್ಞಾನಿ ಜೂಡಿತ್ ಜಾರ್ವಿಸ್ ಥಾಮ್ಸನ್ 1976ರಲ್ಲಿ ಕೊಟ್ಟದ್ದು. ‘ನೀತಿಯ ಕೇಂದ್ರ’ ಎಂಬ ಪದ ತೆಗೆಯಿರಿ. ಮಿದುಳಿನ ಒಂದೇ ಭಾಗ ಹತ್ತಾರು ಕೆಲಸಗಳಲ್ಲಿ ಚುರುಕಾಗುತ್ತದೆ.

ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಕಾಂಟ್ ಜೀವನಚರಿತ್ರೆಯ ಮೊದಲ ಎರಡು ಪುಟ ಮಾತ್ರ ಬೇಡ.