ಬೈಟ್ ಕೊಟ್ಟವರು ಒಬ್ಬರು, ನೋಟಿಸ್ ಬಂದಿದ್ದು ಸಂಘಕ್ಕೆ

ಪ್ರಶ್ನೆ: ನಮ್ಮದು ಬೆಂಗಳೂರಿನ ಒಂದು ಬಡಾವಣೆಯ ಕೆರೆ ಸಂರಕ್ಷಣಾ ಸಂಘ. ರಿಜಿಸ್ಟರ್ ಆಗಿದೆ. ಕಾರ್ಯಕಾರಿ ಸಮಿತಿಯಲ್ಲಿ ಏಳು ಜನ, ವಾಟ್ಸಾಪ್ ಗುಂಪಿನಲ್ಲಿ ನೂರಾರು ಮಂದಿ. ಕಳೆದ ತಿಂಗಳು ಕೆರೆಯಲ್ಲಿ ಮೀನು ಸತ್ತು ತೇಲಿದವು. ಆಗ ಅಲ್ಲಿದ್ದ ಸದಸ್ಯರೊಬ್ಬರು ಟಿವಿಯವರಿಗೆ ಬೈಟ್ ಕೊಟ್ಟು, 'ಪಕ್ಕದ ಅಪಾರ್ಟ್‌ಮೆಂಟಿನವರೇ ಕೊಳಚೆ ಬಿಟ್ಟಿದ್ದು, ನಮ್ಮ ಸಂಘದ ಹತ್ತಿರ ದಾಖಲೆ ಇದೆ' ಅಂದುಬಿಟ್ಟರು. ದಾಖಲೆ ಏನೂ ಇಲ್ಲ. ಈಗ ಸಂಘದ ಹೆಸರಿಗೆ ಲಾಯರ್ ನೋಟಿಸ್ ಬಂದಿದೆ. ಅವರು ಹಿರಿಯರು, ಪ್ರತಿ ಭಾನುವಾರ ತಪ್ಪದೆ ಕಸ ಎತ್ತಲು ಬರುವವರು. ಅವರಿಗೆ ನೋವಾಗದಂತೆ ಇದನ್ನು ಹೇಗೆ ಸರಿಮಾಡೋದು? ಇನ್ನು ಮುಂದೆ ಯಾರೂ ಮಾಧ್ಯಮದವರ ಜೊತೆ ಮಾತಾಡಬಾರದು ಅಂತ ನಿಯಮ ತರಬೇಕಾ?
– ಸಂಘದ ಕಾರ್ಯದರ್ಶಿ

ಉತ್ತರ: ಮೊದಲು ನೋಟಿಸ್. ಇವತ್ತೇ ಒಬ್ಬ ವಕೀಲರಿಗೆ ತೋರಿಸಿ, ಅದರಲ್ಲಿ ಕೊಟ್ಟಿರುವ ಗಡುವಿನೊಳಗೆ ಉತ್ತರ ಹೋಗಲಿ. ಅಲ್ಲಿಯವರೆಗೆ ವಾಟ್ಸಾಪ್ ಗುಂಪಿನಲ್ಲಿ ಈ ವಿಷಯ ಚರ್ಚೆ ಬೇಡ. ನೂರಾರು ಜನರಿರುವ ಗುಂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಹೊರಗೆ ಹೋಗಲು ಎಷ್ಟು ಹೊತ್ತು ಬೇಕು, ಹೇಳಿ?

ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿದೆ. ಹಿಂದೆ ಐಪಿಸಿ 499 ಮತ್ತು 500 ಅನ್ನುತ್ತಿದ್ದೆವಲ್ಲ, ಅದೇ. ಎರಡು ವರ್ಷದವರೆಗೂ ಸಾದಾ ಸಜೆ ಆಗಬಹುದು. ಹೇಳಿದ್ದು ನಿಜವಾಗಿದ್ದು, ಜನರ ಒಳಿತಿಗಾಗಿ ಹೇಳಿದ್ದಾದರೆ ವಿನಾಯಿತಿ ಇದೆ. ಆದರೆ ನಿಜ ಅಂತ ತೋರಿಸಬೇಕಾದವರು ಹೇಳಿದವರೇ. ನಿಮ್ಮ ಹಿರಿಯರ ಬೈಟಿನಲ್ಲಿ ಜಾಸ್ತಿ ತೊಂದರೆ ಕೊಡುವುದು ಆರೋಪಕ್ಕಿಂತ 'ದಾಖಲೆ ಇದೆ' ಅನ್ನುವ ಎರಡು ಪದ.

ಹಾಗಾಗಿ ತಿದ್ದುಪಡಿ ಕೊಡಿ. ಸುದ್ದಿ ಹಾಕಿದ ವಾಹಿನಿಗೂ ಕಳಿಸಿ, ಅಪಾರ್ಟ್‌ಮೆಂಟಿನವರಿಗೂ ಕಳಿಸಿ. ಮೂರು ಸಾಲು ಸಾಕು. 'ಮೀನು ಸತ್ತ ದಿನ ನಮ್ಮ ಸದಸ್ಯರೊಬ್ಬರು ಅಪಾರ್ಟ್‌ಮೆಂಟಿನ ಬಗ್ಗೆ ಆಡಿದ ಮಾತು ಸಂಘದ ನಿಲುವಲ್ಲ. ಆ ಬಗ್ಗೆ ಸಂಘದ ಬಳಿ ದಾಖಲೆ ಇಲ್ಲ. ನೀರಿನ ಮಾದರಿ ಪರೀಕ್ಷಿಸುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಕೊಟ್ಟಿದ್ದೇವೆ.' ಮೂರನೇ ಸಾಲು ಪತ್ರ ನಿಜಕ್ಕೂ ಕೊಟ್ಟಿದ್ದರೆ ಮಾತ್ರ! ಕಳಿಸುವ ಮುಂಚೆ ವಕೀಲರು ಒಮ್ಮೆ ನೋಡಲಿ. 'ನಮ್ಮ ಮಾತನ್ನು ತಿರುಚಲಾಗಿದೆ' ಅಂತ ಮಾತ್ರ ಬರೆಯಬೇಡಿ. ವಿಡಿಯೋ ಎಲ್ಲರ ಫೋನಿನಲ್ಲೂ ಇದೆ.

ಇದು ಹೊರಗೆ ಹೋಗುವ ಹಿಂದಿನ ದಿನ ನೀವೂ ಅಧ್ಯಕ್ಷರೂ ಆ ಹಿರಿಯರ ಮನೆಗೆ ಹೋಗಿ. ಫೋನಿನಲ್ಲಿ ಬೇಡ. ಕಾಫಿ ಕುಡಿಯುತ್ತಾ ಆ ಮೂರು ಸಾಲನ್ನು ಅವರಿಗೇ ಓದಿಸಿ. ಹೆಸರು ಹಾಕಿಲ್ಲ ಅನ್ನುವುದು ಅವರ ಕಣ್ಣಿಗೆ ಬೀಳಲಿ. ಸಭೆಯಲ್ಲಿ ಎಲ್ಲರೆದುರು ಹೇಳಿಸಿಕೊಂಡವರು ಮುಂದಿನ ಭಾನುವಾರ ಬರುವುದಿಲ್ಲ. ಸಂಬಳ ಕೊಡದ ಕಡೆ ಇದು ಮುಖ್ಯ.

ಇನ್ನು ನಿಯಮ. ಬಾಯಿಗೆ ಬೀಗ ಹಾಕುವ ನಿಯಮ ನಡೆಯುವುದಿಲ್ಲ. ಬೆಳಿಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ಮೈಕ್ ಹಿಡಿದವರು ಬಂದು ನಿಂತಿರುತ್ತಾರೆ. ಅಲ್ಲಿ ಯಾರಿದ್ದಾರೋ ಅವರನ್ನೇ ಕೇಳುತ್ತಾರೆ. ನಿಮ್ಮವರು ಬಾಯಿ ಬಿಡದಿದ್ದರೆ ವಾಕಿಂಗ್ ಬಂದ ಯಾರೋ 'ಸಂಘದವರು' ಆಗಿಬಿಡುತ್ತಾರೆ. ಅದಕ್ಕೇ ನಾನು ಹೇಳೋದು ಇಷ್ಟು: ಕಣ್ಣಾರೆ ಕಂಡದ್ದನ್ನು 'ನಾನು' ಅಂತ ಯಾರು ಬೇಕಾದರೂ ಹೇಳಲಿ. 'ಸಂಘ' ಅಥವಾ 'ನಾವು' ಅನ್ನುವ ಹಕ್ಕು ಇಬ್ಬರಿಗೆ ಮಾತ್ರ ಇರಲಿ.

ಮೀನಿನ ವಿಷಯವನ್ನೇ ತಗೊಳ್ಳಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆ ದಡದಲ್ಲಿ ಸಾವಿರಾರು ಮೀನು ಬಿದ್ದಿದ್ದು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕ ತುಂಬಾ ಇಳಿದರೆ ಮೀನು ಸಾಯುತ್ತವೆ. ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಇಳಿಯಲು ಕಾರಣ ಪಕ್ಕದ ಪೈಪ್ ಇರಬಹುದು, ಮೊದಲ ಮಳೆಗೆ ರಾಜಕಾಲುವೆಯಲ್ಲಿ ಎಲ್ಲಿಂದಲೋ ಹರಿದು ಬಂದ ಕೊಳಚೆ ಇರಬಹುದು. ಪಾಚಿ ರಾತ್ರಿ ಹೊತ್ತು ಆಮ್ಲಜನಕ ಹೀರಿಕೊಳ್ಳುವುದರಿಂದ ಬೆಳಗಿನ ಜಾವ ಅದು ಇನ್ನೂ ಕಡಿಮೆಯಾಗಿರುತ್ತದೆ. ಏರಿ ಮೇಲೆ ನಿಂತವರಿಗೆ ಇದರಲ್ಲಿ ಯಾವುದು ಅಂತ ಗೊತ್ತಾಗೋದು ಹೇಗೆ? ಆದರೆ 'ಆರೂವರೆಗೆ ಬಂದೆ. ಕೋಡಿ ಹತ್ತಿರ ಮೀನು ಸತ್ತಿದ್ದವು. ಕಾಲುವೆ ಬಾಯಲ್ಲಿ ನೀರು ಕಪ್ಪಗಿತ್ತು, ನೊರೆ ಇತ್ತು' ಅಂತ ಧೈರ್ಯವಾಗಿ ಹೇಳಬಹುದು. ಅದಕ್ಕೆ ಯಾರೂ ನೋಟಿಸ್ ಕೊಡಲಾರರು. ಟಿವಿಯವರಿಗೂ ಅದೇ ಚೆನ್ನಾಗಿರುತ್ತದೆ.

ಆ ಇಬ್ಬರು ಫೋನ್ ಎತ್ತುವವರಾಗಿರಲಿ. ಹುದ್ದೆ ದೊಡ್ಡದು ಅಂತ ಆರಿಸಬೇಡಿ. ನಾನಿದ್ದ ಒಂದು ಸಂಘದಲ್ಲಿ ಪತ್ರಿಕಾ ಪ್ರಕಟಣೆಗೆ ಐದು ಜನರ ಒಪ್ಪಿಗೆ ಬೇಕಿತ್ತು. ಒಬ್ಬರು ಕಾಶಿಗೆ ಹೋಗಿದ್ದರು, ಇನ್ನೊಬ್ಬರಿಗೆ ಒಂದು ಅಲ್ಪವಿರಾಮದ ಮೇಲೆ ತಕರಾರು. ಮೂರನೇ ದಿನ ನಮ್ಮ ಪ್ರಕಟಣೆ ತಯಾರಾಗುವಷ್ಟರಲ್ಲಿ ಊರಿನವರು ಆ ವಿಷಯ ಮರೆತಿದ್ದರು. ಒಬ್ಬರು ಬರೆಯಲಿ, ಇನ್ನೊಬ್ಬರು ಓದಲಿ, ಅರ್ಧ ಗಂಟೆಯಲ್ಲಿ ಹೋಗಲಿ. ಗೊತ್ತಿಲ್ಲದಿದ್ದರೆ 'ಪರೀಕ್ಷೆಯ ವರದಿ ಬಂದ ಮೇಲೆ ಹೇಳುತ್ತೇವೆ' ಅಂದರೂ ಸಾಕು.

ಇದನ್ನು ಬಾಯಿಮಾತಿನಲ್ಲಿ ಬಿಡದೆ ಸಮಿತಿ ಸಭೆಯಲ್ಲಿ ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಬೈಲಾದಲ್ಲಿ ಸಂಘದ ಪರವಾಗಿ ಯಾರು ಮಾತಾಡಬೇಕು ಅಂತ ಆಗಲೇ ಇದ್ದರೆ ಠರಾವು ಅದಕ್ಕೆ ಹೊಂದಬೇಕು. ಹಾಗೇ ಲೆಟರ್‌ಹೆಡ್ ಮತ್ತು ಸೀಲು ಯಾರ ಮನೆಯ ಬೀರುವಿನಲ್ಲಿವೆ, ಫೇಸ್‌ಬುಕ್ ಪುಟದ ಪಾಸ್‌ವರ್ಡ್ ಯಾರ ಹತ್ತಿರ ಇದೆ, ನೋಡಿ. ಎಷ್ಟೋ ಕಡೆ ಅದು ಎರಡು ಅವಧಿ ಹಿಂದಿನ ಅಧ್ಯಕ್ಷರ ಮಗನ ಹತ್ತಿರ ಇರುತ್ತದೆ. ಚುನಾವಣೆ ಬಂದಾಗ ಯಾರೋ ಅಭ್ಯರ್ಥಿಗೆ ಸಂಘದ ಹೆಸರಿನಲ್ಲಿ ಶುಭಾಶಯದ ಪೋಸ್ಟರ್ ಬೀಳುವುದು ಹೀಗೆಯೇ. ಸದಸ್ಯರು ಯಾರ ಪರ ಪ್ರಚಾರ ಮಾಡಿದರೂ ಅವರಿಷ್ಟ, ಸಂಘದ ಟೀ ಶರ್ಟ್ ಮಾತ್ರ ಬಿಚ್ಚಿಟ್ಟು ಹೋಗಲಿ.

ಆ ಹಿರಿಯರಿಗೆ ಒಂದು ನೋಟ್‌ಬುಕ್ ಕೊಡಿ. ಭಾನುವಾರ ಹೇಗೂ ಬರುತ್ತಾರೆ. ದಿನಾಂಕ, ಹೊತ್ತು, ಕಾಲುವೆ ಬಾಯಿಯ ನೀರಿನ ಬಣ್ಣ, ವಾಸನೆ, ಜಾಗ ಗೊತ್ತಾಗುವ ಹಾಗೆ ಒಂದು ಫೋಟೋ. ಒಂದು ಮಳೆಗಾಲ ಕಳೆಯಲಿ. ಜಲಮಂಡಳಿಗೆ ಅರ್ಜಿ ಕೊಡಲು ಹೋಗುವಾಗ ಆ ಪುಸ್ತಕವನ್ನು ಅವರ ಕೈಯಲ್ಲೇ ಹಿಡಿಸಿಕೊಂಡು ಹೋಗಿ.