ಹೃದಯದೊಳಗೆ ಸುಡ್ತಾರಂತೆ, ಹೌದಾ ಡಾಕ್ಟ್ರೇ?

ಪ್ರಶ್ನೆ: ನಂಗೆ 41 ವರ್ಷ, ಟೀಚರು. ನಾಕೈದು ವರ್ಷದಿಂದ ಇದ್ದಕ್ಕಿದ್ದಂಗೆ ಎದೆ ಡವಡವ ಅಂತ ಓಡೋಕೆ ಶುರುವಾಗಿ, ಹತ್ತಿಪ್ಪತ್ತು ನಿಮಿಷಕ್ಕೆ ಟಕ್ಕಂತ ನಿಂತೋಗುತ್ತೆ. ಮನೇಲಿ ಎಲ್ರೂ ಗ್ಯಾಸು, ಟೆನ್ಶನ್ನು ಅಂದ್ರು. ಹೋದ ತಿಂಗಳು ನಿಲ್ಲಲೇ ಇಲ್ಲ, ಆಸ್ಪತ್ರೇಲಿ ನೋಡಿದ್ರೆ ಬಡಿತ 190. ಅಡೆನೋಸಿನ್ ಅಂತ ಇಂಜೆಕ್ಷನ್ ಕೊಟ್ರು, ಸತ್ತೇಹೋದೆ ಅನ್ನಿಸ್ತು, ಆಮೇಲೆ ಸರಿಹೋಯ್ತು. ಎಸ್‌ವಿಟಿ ಅಂತೆ, ಅಂದ್ರೆ ಹೃದಯ ಇದ್ದಕ್ಕಿದ್ದಂಗೆ ಜೋರಾಗಿ ಓಡೋ ತೊಂದ್ರೆ, ಅಬ್ಲೇಶನ್ ಮಾಡಿಸಿ ಅಂದಿದಾರೆ. ಹೃದಯದೊಳಗೆ ಸುಡ್ತಾರೆ ಅಂತ ಕೇಳಿ ನಮ್ಮತ್ತೆ ಬೇಡ್ವೇ ಬೇಡ ಅಂತಾರೆ. ಮಾತ್ರೆಲೇ ಇದ್ಬಿಡ್ಲಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಆ ಇಂಜೆಕ್ಷನ್ ಹಂಗೇ, ಹೃದಯದ ಮೇಲಿನ ಕೋಣೆಯಿಂದ ಕೆಳಗೆ ಕರೆಂಟ್ ಹೋಗೋ ದಾರೀನ ಕೆಲವೇ ಸೆಕೆಂಡ್ ಮುಚ್ಚುತ್ತೆ, ತಗೊಂಡೋರು ತುಂಬಾ ಜನ ಇದನ್ನೇ ಹೇಳ್ತಾರೆ. ನಿಮ್ದು ರಕ್ತನಾಳದ ಬ್ಲಾಕ್ ಅಲ್ಲ, ವೈರಿಂಗ್ ಸಮಸ್ಯೆ. ನಿಮ್ ವಯಸ್ಸಿನ ಹೆಂಗಸರಲ್ಲಿ ಜಾಸ್ತಿ ನೋಡೋದು ಏನಂದ್ರೆ ಒಂದು ದಾರಿ ಇರ್ಬೇಕಾದ ಕಡೆ ಎರಡಿರ್ತವೆ, ಕರೆಂಟು ಒಂದ್ರಲ್ಲಿ ಇಳಿದು ಇನ್ನೊಂದ್ರಲ್ಲಿ ಹತ್ತಿ ಗಾಣದೆತ್ತಿನಂಗೆ ಸುತ್ತುತ್ತೆ.

ಸುಡೋದು ನಿಜ, ಆ ಹೆಚ್ಚುವರಿ ದಾರೀನ. ಆದ್ರೆ ತೊಡೆಸಂದಿನ ರಕ್ತನಾಳದಿಂದ ತೂರಿಸೋ ಕ್ಯಾತಿಟರ್ ಅನ್ನೋ ತೆಳು ವೈರಿನ ತುದಿ ಸುಮಾರು 4 ಮಿಲಿಮೀಟರು, ಬಿಸಿ 50-60 ಡಿಗ್ರಿ, ನಿಮ್ಮತ್ತೆ ಇಳಿಸೋ ಸಾರು ಇದಕ್ಕಿಂತ ಬಿಸಿ ಇರುತ್ತೆ ಅಂತ ಹೇಳಿ! ಎದೆ ಕೊಯ್ಯಲ್ಲ. ಜಾಗ ಹುಡುಕೋಕೆ ಬೇಕಂತಲೇ ಡವಡವ ಬರಿಸ್ತಾರೆ, ಆಗ ನೀವು ಎಚ್ಚರವಾಗೇ ಇರಬಹುದು, ಗಾಬರಿ ಬೀಳ್ಬೇಡಿ. ಆಮೇಲೆ ಕಾಲು ಮಡಚದೆ ಕೆಲವು ಗಂಟೆ ಮಲಗಿರ್ಬೇಕು, ಜನ ಬೈಕೊಳ್ಳೋದು ಇದನ್ನೇ.

ಈ ಥರದ ಎಸ್‌ವಿಟಿಲಿ 100ಕ್ಕೆ 95 ಜನಕ್ಕಿಂತ ಹೆಚ್ಚಿಗೆ ವಾಸಿಯಾಗುತ್ತೆ. ಅಪಾಯ ಇಲ್ವಾ ಅಂದ್ರೆ ಇದೆ, ಸರಿಯಾದ ದಾರಿನೂ ಪಕ್ಕದಲ್ಲೇ ಇರುತ್ತಲ್ಲ, ಅದಕ್ಕೆ ಏಟು ಬಿದ್ರೆ ಪೇಸ್‌ಮೇಕರ್ ಬೇಕಾಗಬಹುದು, 100ರಲ್ಲಿ ಒಬ್ರಿಗೆ, ಇಲ್ಲಾ ಅದಕ್ಕೂ ಕಮ್ಮಿ. ಎಷ್ಟು ಕೇಸ್ ಮಾಡಿದೀರ ಅಂತ ಡಾಕ್ಟ್ರನ್ನ ಕೇಳಿ, ಸಂಕೋಚ ಬೇಡ.

ಮಾತ್ರೆ ಈ ಡವಡವ ತಡೆಯುತ್ತೆ ಅಷ್ಟೇ, ಆ ಹೆಚ್ಚುವರಿ ದಾರಿ ಹಂಗೇ ಇರುತ್ತೆ. ವರ್ಷಕ್ಕೊಂದ್ಸಲ ಬಂದು ತಾನೇ ಹೋಗೋದಾದ್ರೆ ಕಾಯಿರಿ ಅಂತಿದ್ದೆ, ಆಸ್ಪತ್ರೆಗೆ ಓಡೋ ಹಂತ ಬಂದಿದೆ ಅಂದ್ಮೇಲೆ ಮಾಡಿಸಿಕೊಳ್ಳೋದೇ ವಾಸಿ. ಅಲ್ಲೀವರೆಗೂ ಬಂದ್ರೆ ಒರಗಿ ಕೂತು, 10 ಎಂಎಲ್ ಸಿರಿಂಜಿನ ಮೂತಿಗೆ ಬಾಯಿಟ್ಟು, ಒಳಗಿನ ದಂಡ ಅಲ್ಲಾಡೋ ಹಂಗೆ 15 ಸೆಕೆಂಡ್ ಊದಿ, ತಕ್ಷಣ ಅಂಗಾತ ಮಲಗಿ ಯಾರಿಗಾದ್ರೂ ಕಾಲೆರಡೂ ಎತ್ತಿ ಹಿಡಿಯೋಕೆ ಹೇಳಿ, ಎಷ್ಟೋ ಸಲ ನಿಲ್ಲುತ್ತೆ. ಕಣ್ಣು ಕತ್ತಲೆ ಬಂದ್ರೆ, ಎದೆನೋವು ಬಂದ್ರೆ ಇದೆಲ್ಲ ಬೇಡ, ಸೀದಾ ಆಸ್ಪತ್ರೆ.

ಇನ್ನೊಂದು, 190 ಇದ್ದಾಗ ತೆಗೆದ ಇಸಿಜಿ ಚೀಟಿ ಜೋಪಾನ, ಆ ಪೇಪರ್ ದಿನ ಕಳೆದಂಗೆ ಮಾಸಿಹೋಗುತ್ತೆ, ಇವತ್ತೇ ಒಂದು ಜೆರಾಕ್ಸ್ ತೆಗೆಸಿಡಿ.